ಮೂರು ಲೀಟರ್ ನೀರು, ಎರಡು ಲೋಟ ಹಾಲು, ಏಳು ಗಂಟೆಯ ವಾರ್ತೆ

“ಇವತ್ತಿಂದ ದಿನಕ್ಕೆ ಮೂರು ಲೀಟರ್ ನೀರು, ಎರಡು ಲೋಟ ಹಾಲು. ಒಂದು ಹನಿ ಕಡಿಮೆಯಾದ್ರೂ ನನ್ನ ಮಾತಿಗೆ ಬೆಲೆಯೇ ಇಲ್ಲ ಅಂದ್ಕೊ!”

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದಾಗ ನನ್ನ ಧ್ವನಿ ಬಹಳ ಗಂಭೀರವಾಗಿತ್ತು. ಇರಲೇಬೇಕು. ನಾನು ರೇಡಿಯೊದಲ್ಲಿ ವಾರ್ತೆ ಓದುವವನು. ಹನ್ನೊಂದು ವರ್ಷದಿಂದ ನಮ್ಮೂರಿನವರು ಬಿರುಗಾಳಿ, ಬೆಲೆಯೇರಿಕೆ ಎಲ್ಲವನ್ನೂ ನನ್ನ ಗಂಟಲಿನ ಮೂಲಕವೇ ತಿಳಿದುಕೊಂಡಿದ್ದಾರೆ. ಆ ಗಂಟಲು ಹಿಂದಿನ ವಾರ ‘ಹವಾಮಾನ’ ಎಂಬ ಪದದ ನಡುವೆ ಕೈಕೊಟ್ಟಿತು. ಹವಾ ಬಂತು, ಮಾನ ಹೋಯಿತು.

ಡಾಕ್ಟರು ಟಾರ್ಚ್ ಬಿಟ್ಟು ನೋಡಿ, “ನೀರೇ ಕುಡಿಯಲ್ವಲ್ರೀ ನೀವು! ಎರಡು ಎರಡೂವರೆ ಲೀಟರ್ ಕುಡೀರಿ. ಮೂಳೆಗೆ ಒಂಚೂರು ಹಾಲೂ ಇರ್ಲಿ. ಆದ್ರೆ ದಿನವಿಡೀ ಹಂಚ್ಕೊಂಡು, ಸ್ವಲ್ಪ ಸ್ವಲ್ಪ” ಎಂದಿದ್ದರು. ಎರಡೂವರೆಯನ್ನು ನಾನು ಉದಾರವಾಗಿ ಮೂರು ಮಾಡಿಕೊಂಡೆ. ‘ಸ್ವಲ್ಪ ಸ್ವಲ್ಪ’ ಎಂಬುದು ನನ್ನ ಜಾಯಮಾನಕ್ಕೆ ಒಗ್ಗದ ಮಾತಾದ್ದರಿಂದ ಅದನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ.

ನನ್ನ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು. ನಮ್ಮ ಮನೆಯಲ್ಲಿ ಮಾತು ನನ್ನದು, ಲೆಕ್ಕ ಅವಳದು.

“ಮೂರು ಲೀಟರ್ ಅಂದ್ರೆ ಹನ್ನೆರಡು ಲೋಟ ರೀ. ನೀವು ದಿನಕ್ಕೆ ಕುಡಿಯೋದು ಎರಡು. ಅದ್ರಲ್ಲೂ ಒಂದು ಮಾತ್ರೆ ನುಂಗೋಕೆ.”

“ಛಲ ಇದ್ರೆ ಹನ್ನೆರಡು ಯಾವ ಲೆಕ್ಕ?”

“ಛಲ ಇದ್ರೂ ಹನ್ನೆರಡೇ ಲೆಕ್ಕ.”

ಸೋಮ, ಮಂಗಳ, ಬುಧ ನನ್ನ ವ್ರತಕ್ಕೆ ಭಂಗ ಬರಲಿಲ್ಲ. ಗುರುವಾರ ಮಾತ್ರ ಮಧ್ಯಾಹ್ನವಿಡೀ ನೀರಿನ ನೆನಪೇ ಆಗಲಿಲ್ಲ. ಕಾರಣ, ನಮ್ಮ ನಿಲಯದ ನಿರ್ದೇಶಕರು ನನ್ನನ್ನು ಕರೆದು, “ಸಂಜೆ ಏಳು ಗಂಟೆ ವಾರ್ತೆ ಓದೋರಿಗೆ ಹಲ್ಲುನೋವು. ಇವತ್ತು ನೀವು ಓದಿ. ಚೆನ್ನಾಗಿ ಬಂದ್ರೆ ಮುಂದಕ್ಕೂ ನಿಮಗೇ” ಎಂದುಬಿಟ್ಟರು. ಏಳು ಗಂಟೆಯ ವಾರ್ತೆ! ಊರಿಗೆ ಊರೇ ಕಿವಿ ತೆರೆದುಕೊಂಡು ಕೂರುವ ಹೊತ್ತು! ಹನ್ನೊಂದು ವರ್ಷ ಬೆಳಗಿನ ಆರು ಗಂಟೆಗೆ, ಹಾಲು ಹಾಕುವವರಿಗೆ ಮತ್ತು ನಿದ್ದೆ ಬಾರದವರಿಗೆ ಓದಿದವನು ನಾನು.

ಹತ್ತಿರದಲ್ಲೇ ಮನೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಳ್ಳಲು ಆರು ಗಂಟೆಗೆ ಬಂದೆ.

“ರೇಡಿಯೊದಲ್ಲಿ ಶರ್ಟು ಕಾಣುತ್ತಾ?” ಎಂದಳು ಹೆಂಡತಿ.

ಉತ್ತರಿಸುವ ಮೊದಲೇ ನೀರಿನ ಜಗ್ಗು ಕಣ್ಣಿಗೆ ಬಿತ್ತು. ಬೆಳಿಗ್ಗೆಯಿಂದ ಕುಡಿದದ್ದು ಐದು ಲೋಟ! ಇನ್ನೂ ಏಳು ಇವೆ. ಹಾಲಂತೂ ಮುಟ್ಟಿಯೇ ಇಲ್ಲ. ಕೊಟ್ಟ ಮಾತಿಗೆ ತಪ್ಪುವ ವಂಶ ನಮ್ಮದಲ್ಲ. ನಿಂತಲ್ಲೇ ಶುರುಮಾಡಿದೆ.

“ರೀ, ಅದು ಹೊಟ್ಟೆ. ಟ್ಯಾಂಕ್ ಅಲ್ಲ.”

“ಗಂಟಲಿಗೆ ಒಳ್ಳೇದು ಕಣೆ.”

“ಗಂಟಲಲ್ಲೇ ನಿಲ್ಲೋದಾದ್ರೆ ಒಳ್ಳೇದೇ.”

ಅರ್ಧ ಗಂಟೆಯಲ್ಲಿ ಏಳು ಲೋಟ ನೀರು, ಅದರ ಮೇಲೆ ಎರಡು ಲೋಟ ತಣ್ಣನೆಯ ಹಾಲು ಮುಗಿಸಿ ಬಾಯೊರೆಸಿಕೊಂಡು ಹೊರಟೆ. ಹೆಜ್ಜೆ ಹಾಕಿದಂತೆಲ್ಲ ಒಳಗೆ ಯಾರೋ ಬಿಂದಿಗೆ ಕುಲುಕಿದಂತೆ ಸದ್ದು. ವಿಜಯದ ಸದ್ದು ಎಂದುಕೊಂಡೆ.

ಏಳಕ್ಕೆ ಐದು ನಿಮಿಷವಿರುವಾಗ ಸ್ಟುಡಿಯೊದಲ್ಲಿ ಕೂತೆ. ಗಾಜಿನ ಆಚೆ, ಮೈಕು ಆನ್ ಆಫ್ ಮಾಡುವ ನಮ್ಮ ಅಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನಿಲಯಕ್ಕೆಲ್ಲ ಅಕ್ಕ. ಕೆಂಪು ದೀಪ ಹೊತ್ತಿತು.

ಮೊದಲ ನಿಮಿಷ ನಾನು ಓದಿದ್ದು ರಾಜಗಾಂಭೀರ್ಯದಿಂದ. ಎರಡನೆಯ ನಿಮಿಷಕ್ಕೆ ಹಾಲು ಮಾತಾಡತೊಡಗಿತು. ನಮ್ಮ ಮೈಕು ಬಹಳ ಸೂಕ್ಷ್ಮ, ಕಾಗದ ಸರಿಸಿದರೂ ಕೇಳುತ್ತದೆ. ನನ್ನ ಹೊಟ್ಟೆಯಲ್ಲಿ ಎದ್ದ ಗುಡುಗುಡು ಅದಕ್ಕೆ ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಹೆಡ್‌ಫೋನ್ ತೆಗೆದು, ಅಲ್ಲಾಡಿಸಿ, ಮತ್ತೆ ಹಾಕಿಕೊಂಡರು. ಮೂರನೆಯ ನಿಮಿಷಕ್ಕೆ ನೀರೂ ತನ್ನ ಹಕ್ಕು ಕೇಳಿತು. ಮೇಜಿನ ಕೆಳಗೆ ಕಾಲಿನ ಮೇಲೆ ಕಾಲು ಹಾಕಿದೆ. ಬದಲಿಸಿ ಹಾಕಿದೆ. ಮುಂದಿನ ಹಾಳೆ ತೆಗೆದೆ. ಸುದ್ದಿ ಏನಿತ್ತು ಗೊತ್ತೆ?

“ಜಲಾಶಯ ಸಂಪೂರ್ಣ ಭರ್ತಿಯಾಗಿದ್ದು, ಒಳಹರಿವು ಹೆಚ್ಚುತ್ತಲೇ ಇದೆ. ಯಾವುದೇ ಕ್ಷಣದಲ್ಲಿ ನೀರು ಹೊರಬಿಡುವ ಸಾಧ್ಯತೆ ಇದೆ. ತಗ್ಗು ಪ್ರದೇಶದ ನಿವಾಸಿಗಳು ಎಚ್ಚರದಿಂದಿರಬೇಕು.”

ಇಷ್ಟು ಮನಮುಟ್ಟುವಂತೆ ನಾನು ಜೀವಮಾನದಲ್ಲಿ ಓದಿರಲಿಲ್ಲ. ಪ್ರತಿ ಅಕ್ಷರವೂ ಅನುಭವದಿಂದ ಬಂದದ್ದು. ಧ್ವನಿ ನಡುಗಿತು. ಹಿನ್ನೆಲೆಯಲ್ಲಿ ಹಾಲು ಭೋರ್ಗರೆಯಿತು.

ಆಮೇಲಿನ ಸುದ್ದಿಗಳೆಲ್ಲ ಎಕ್ಸ್‌ಪ್ರೆಸ್ ರೈಲು. ಹತ್ತು ನಿಮಿಷದ ವಾರ್ತೆ ಆರನೆಯ ನಿಮಿಷಕ್ಕೆ ಮುಗಿಯಿತು. ಅಕ್ಕನಿಗೆ ಈ ವೇಗದ ನಿರೀಕ್ಷೆ ಇರಲಿಲ್ಲ. ಅವರು ಬೆನ್ನು ತಿರುಗಿಸಿ ಮುಂದಿನ ಹಾಡು ಹುಡುಕುತ್ತಿದ್ದರು. ನಾನು ಬಾಗಿಲಿಗೆ ಹಾರಿದೆ. ಸದ್ದು ಹೊರಹೋಗದಂತೆ ಮಾಡಿದ ಆ ದಪ್ಪ ಬಾಗಿಲು ಒಮ್ಮೊಮ್ಮೆ ಬಿಗಿದುಕೊಳ್ಳುತ್ತದೆ. ಅವತ್ತೇ ಬಿಗಿದುಕೊಳ್ಳಬೇಕೆ! ಎರಡೂ ಕೈಯಿಂದ ಬಡಿಯುತ್ತ ಕೂಗಿಕೊಂಡೆ:

“ತೆಗೀರಿ! ಬೇಗ ಬಾಗಿಲು ತೆಗೀರಿ! ಇನ್ನು ತಡೆಯೋಕಾಗಲ್ಲ! ಒಡೆದೇಹೋಗುತ್ತೆ!”

ಮೈಕು ಆನ್ ಇತ್ತು.

ಅಕ್ಕ ಓಡಿಬಂದು ಬಾಗಿಲು ಒದ್ದು ತೆಗೆದರು. ನಾನು ಎಲ್ಲಿಗೆ ಓಡಿದೆನೆಂದು ಹೇಳಬೇಕಾಗಿಲ್ಲ. ಮಾನ ಉಳಿಯಿತೆಂಬ ಸಮಾಧಾನದಿಂದ ಹಿಂತಿರುಗಿದರೆ ನಿಲಯದ ಅಷ್ಟೂ ಫೋನುಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. “ಡ್ಯಾಮ್ ಒಡೀತಂತೆ ಹೌದಾ?” “ನೀರು ನುಗ್ಗೋ ಸದ್ದು ನಾವೇ ಕೇಳಿದ್ವಿ ಸ್ವಾಮಿ!” ಕೊನೆಗೆ ಜಲಾಶಯದ ಎಂಜಿನಿಯರೇ ಮಾತಾಡಿದರು: “ನನ್ನ ಡ್ಯಾಮ್ ಗಟ್ಟಿಮುಟ್ಟಾಗಿದೆ ಕಣ್ರೀ! ಯಾರ್ರೀ ಅದು ಒಡೆದವರು?” ಅಷ್ಟರಲ್ಲಿ ತಗ್ಗಿನ ಬೀದಿಗಳ ಇನ್ನೂರು ಜನ ಹಾಸಿಗೆ, ಪಾತ್ರೆ, ಎರಡು ಆಡು ಸಮೇತ ದಿಬ್ಬದ ಮೇಲಿನ ಶಾಲೆ ಸೇರಿಯಾಗಿತ್ತು.

ನಿರ್ದೇಶಕರು ಬಂದರು. ಬಯ್ಯಲಿಲ್ಲ. ನಡೆದದ್ದನ್ನು ಕೇಳಿದರು, ಕನ್ನಡಕ ತೆಗೆದು ಒರೆಸಿದರು, ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆದರು.

“ಎಂಟು ಗಂಟೆಗೆ ಇದು ಹೋಗ್ಬೇಕು. ನೀವೇ ಓದಿ. ಜನಕ್ಕೆ ಧ್ವನಿ ಗುರುತು ಸಿಗ್ಲಿ.”

ಓದಿದೆ. ಹನ್ನೊಂದು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಓದಿದೆ.

“ಒಂದು ಸ್ಪಷ್ಟೀಕರಣ. ಜಲಾಶಯ ಸುಭದ್ರವಾಗಿದೆ. ಏಳು ಗಂಟೆಯ ವಾರ್ತೆಯ ಬಳಿಕ ಕೇಳಿಬಂದ ‘ತಡೆಯಲಾಗುವುದಿಲ್ಲ’ ಎಂಬ ಮಾತು ಜಲಾಶಯಕ್ಕೆ ಸಂಬಂಧಿಸಿದ್ದಲ್ಲ, ವಾರ್ತಾವಾಚಕರಿಗೆ ಸಂಬಂಧಿಸಿದ್ದು. ಹಿನ್ನೆಲೆಯ ಭೋರ್ಗರೆತ ಅವರು ಕುಡಿದ ಹಾಲಿನದು. ಈಗ ಅವರು ಕ್ಷೇಮವಾಗಿದ್ದಾರೆ.”

ಮನೆಗೆ ಬಂದರೆ ಬೀಗ. ಸ್ವಲ್ಪ ಹೊತ್ತಿನಲ್ಲೇ ಹೆಂಡತಿ ಸೀಮೆಸುಣ್ಣದ ಪುಡಿ ಮೆತ್ತಿದ ಕೈಯಲ್ಲಿ ಶಾಲೆಯ ಬೀಗದ ಕೈ ಹಿಡಿದು ಬಂದಳು. ದಿಬ್ಬದ ಮೇಲಿನದು ಅವಳದೇ ಶಾಲೆ. ಅಷ್ಟು ಜನಕ್ಕೆ ಬಾಗಿಲು ತೆಗೆದು, ಬೆಂಚು ಸರಿಸಿ, ಕೂರಿಸಿದ್ದು ಅವಳೇ.

“ಸ್ಪಷ್ಟೀಕರಣ ಅಲ್ಲಿ ಕೇಳಿಸ್ತಾ?” ಎಂದೆ ಮೆಲ್ಲಗೆ.

“ಯಾರೋ ರೇಡಿಯೊ ತಂದಿದ್ರು. ಇನ್ನೂರು ಜನಾನೂ ಉಸಿರು ಬಿಗಿಹಿಡಿದು ಕೇಳಿದ್ರು.”

“ಆಮೇಲೆ?”

“ಆಡು ಹಿಡ್ಕೊಂಡು ಕೂತಿದ್ದ ಒಬ್ಬ ಅಜ್ಜಿ, ‘ಪಾಪ, ಇಂಥವನನ್ನ ಕಟ್ಕೊಂಡಿರೋ ಆ ಪುಣ್ಯಾತ್ಗಿತ್ತಿ ಯಾರಮ್ಮ?’ ಅಂತ ನನ್ನನ್ನೇ ಕೇಳಿದ್ರು.”

“ನೀನೇನಂದೆ?”

“ನನಗೂ ಗೊತ್ತಿಲ್ಲ ಅಜ್ಜಿ ಅಂದೆ.”