ಹೊಗೆ ತಪಾಸಣೆಗೆ ಹೊರಟ ಜೀಪು ಮತ್ತು ಅತ್ತೆಯ ಚಹಾ

ನಮ್ಮ ಬೈಲಹೊಂಗಲ ಸೀಮೆಯಲ್ಲಿ ಹೆಣ್ಣು ಕೊಡುವುದಿಲ್ಲ ಎನ್ನಬಹುದು, ಮತ ಹಾಕುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಬಹುದು. ಚಹಾ ಒಲ್ಲೆ ಎನ್ನುವಂತಿಲ್ಲ. ಅಂದವನು ಒಂದೋ ಜಡ್ಡು ಬಿದ್ದಿರಬೇಕು, ಇಲ್ಲವೇ ಜಗಳಕ್ಕೆ ನಿಂತಿರಬೇಕು. ನಾನು ಇವೆರಡೂ ಅಲ್ಲದೆ ಒಂದು ದಿನ ಒಲ್ಲೆ ಅಂದೆ, ಅದೂ ನನ್ನ ಅತ್ತೆಗೆ. ತಪ್ಪಾಯಿತು ಎನ್ನಲು ಈಗಲೂ ತಯಾರಿಲ್ಲ.

ಕಾರಣ ನನ್ನ ಡೀಸೆಲ್ ಜೀಪು. ಅದರ ವಯಸ್ಸು ಕೇಳಬಾರದು. ಮದುವೆಯಾಗಿ ಶೈಲಾಳನ್ನು ಕಿತ್ತೂರಿನಿಂದ ಕರೆತಂದದ್ದು ಇದರಲ್ಲೇ, ನನ್ನ ಬೀಜ-ಗೊಬ್ಬರದ ಅಂಗಡಿಯ ಚೀಲಗಳನ್ನು ಹೊತ್ತದ್ದೂ ಇದೇ. ಅದರ ಮೇಲೆ ನನಗೆ ಪ್ರೀತಿ ಎಂದರೆ ಪ್ರೀತಿಯೇ, ಹೇಳಲು ನಾಚಿಕೆ ಯಾಕೆ? ಈಚೆಗೆ ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಇನ್ನು ಹೊಗೆ ತಪಾಸಣೆಯಲ್ಲಿ ಪಾಸಾಗುವುದೊಂದು ಉಳಿದಿತ್ತು. ನಮ್ಮೂರಿನ ತಪಾಸಣೆ ಯಂತ್ರವೇ ರಿಪೇರಿಗೆ ಹೋಗಿತ್ತು, ಹಾಗಾಗಿ ಕಿತ್ತೂರಿನ ಹೆದ್ದಾರಿ ಪಕ್ಕದ ಕೇಂದ್ರವೇ ಗತಿ. ಹೊರಡುವಾಗ ಮೆಕ್ಯಾನಿಕ್ ದಾವಲಸಾಬ ಎಚ್ಚರಿಸಿದ: "ರಿಪೇರಿ ಮಾಡುವಾಗ ಹಾಕಿದ ಎಣ್ಣಿ ಇನ್ನೂ ಒಳಗ ಐತ್ರಿ, ಅದು ಸುಟ್ಟ ಹೋಗಬೇಕು. ಚಲೋತಂಗ ಓಡಿಸ್ಕೋತ ಹೋಗಿ ಎಂಜಿನ್ ಬಿಸಿ ಇದ್ದಾಗನ ಮಷೀನಿಗೆ ಹಚ್ಚರಿ. ನಡುವ ಎಲ್ಲೂ ಬಂದ್ ಮಾಡಬ್ಯಾಡ್ರಿ."

ಹೇಳುವುದು ಸುಲಭ. ಕೇಂದ್ರಕ್ಕೆ ಹೋಗುವ ದಾರಿಯಲ್ಲೇ ಅತ್ತೆ ಗಂಗವ್ವನವರ ಮನೆ. ಅವರು ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. "ಬರ್ರಿ ಅಳಿಯಂದ್ರ, ಒಂದ ಗುಟುಕು ಚಾ ಕುಡದ ಹೋಗ್ರಿ" ಎಂದರು. ಒಂದು ಗುಟುಕು ತಾನೆ ಎಂದು ಇಳಿದೆ. ಚಹಾದ ಜೊತೆ ಚುರಮುರಿ ಬಂತು, ಚುರಮುರಿಯ ಬೆನ್ನಿಗೆ ರೊಟ್ಟಿ, ಎಣ್ಣೆಗಾಯಿ ಪಲ್ಯ ಬಂದವು. ಉಂಡವನನ್ನು ಬಿಸಿಲಿಗೆ ಕಳಿಸುವುದುಂಟೇ ಎಂದು ಚಾಪೆಯೂ ಬಂತು. ನಾನು ಎದ್ದಾಗ ಬೇವಿನ ಮರದ ಕೆಳಗೆ ಜೀಪೂ ತಣ್ಣಗೆ ಮಲಗಿತ್ತು. ಕೇಂದ್ರದಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಎದುರಿನ ಪಾನಪಟ್ಟಿ ಅಂಗಡಿಯೇ ಕಾಣದಾಯಿತು. "ನಪಾಸ್ ರೀ" ಎಂದು ಯಂತ್ರದವನು ಕೆಮ್ಮುತ್ತಲೇ ಹೇಳಿದ.

ಮನೆಯಲ್ಲಿ ಶೈಲಾ ತೀರ್ಪು ಕೊಟ್ಟಳು. "ಇನ್ನೊಮ್ಮಿ ನಪಾಸ್ ಆತಂದ್ರ ಗುಜರಿಗೆ ಹಾಕೋದ. ನನ್ನ ತಮ್ಮ ಗಿರಾಕಿ ನೋಡ್ಯಾನ."

"ನಪಾಸ್ ಆಗಿದ್ದು ನಿಮ್ಮವ್ವನ ಚಾದಿಂದ."

"ನಮ್ಮವ್ವನ ಚಾದಾಗ ಹೊಗಿ ಇರತೈತೇನ್ರಿ?"

ನನಗೂ ಹಟ ಹತ್ತಿತು. ಗುಜರಿಯವನು ಸುತ್ತಿಗೆ ಹಿಡಿದು ನನ್ನ ಜೀಪಿನ ಬಾನೆಟ್ ಮುಟ್ಟುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಜಗತ್ತಿನ ಚಹಾ ಎಲ್ಲಾ ಸುರಿದರೂ ಈ ಸಲ ಇಳಿಯುವುದಿಲ್ಲ ಎಂದು ನಿಶ್ಚಯಿಸಿ ಎರಡನೇ ಸಲ ಹೊರಟೆ. ದಾರಿಯಲ್ಲಿ ಕೈ ಮಾಡಿದ ಪರಿಚಯದವರಿಗೆಲ್ಲ ಹಾರ್ನ್ ಹೊಡೆದೇ ಉತ್ತರ ಕೊಟ್ಟೆ. ಅವರು ಏನು ಬೇಕಾದರೂ ಅಂದುಕೊಳ್ಳಲಿ.

ಆದರೆ ಶೈಲಾ ಫೋನ್ ಮಾಡಿ ನಾನು ಬರುವ ಸುದ್ದಿ ಮುಟ್ಟಿಸಿದ್ದಳು. ಗಂಗವ್ವನವರು ರಸ್ತೆಯ ಅಂಚಿಗೇ ಬಂದು, ಒಂದು ಕೈಯಲ್ಲಿ ಹೊಗೆಯಾಡುವ ಲೋಟ ಹಿಡಿದು, ಇನ್ನೊಂದು ಕೈ ಎತ್ತಿ ನಿಂತಿದ್ದರು. ಕಾಲು ಒಮ್ಮೆ ಬ್ರೇಕಿನತ್ತ ಹೋಯಿತು, ಸುಳ್ಳು ಹೇಳುವುದಿಲ್ಲ. "ಒಲ್ಲೆರೀ ಅತ್ತಿ!" ಎಂದು ಕೂಗಿ ಆಕ್ಸಿಲರೇಟರನ್ನೇ ಇನ್ನಷ್ಟು ಒತ್ತಿದೆ. ಕನ್ನಡಿಯಲ್ಲಿ ಅವರ ಎತ್ತಿದ ಕೈ ಇನ್ನೂ ಹಾಗೆಯೇ ಇತ್ತು.

ಜೀಪು ಪಾಸಾಯಿತು. ಯಂತ್ರದವನು ಈ ಸಲ ಕೆಮ್ಮಲಿಲ್ಲ. ಚೀಟಿ ಜೇಬಿಗಿಟ್ಟು, ಗೆದ್ದವನ ಗತ್ತಿನಲ್ಲಿ ನೇರ ಅತ್ತೆಯ ಮನೆಗೇ ಬಂದೆ. ಈಗ ಬೇಕಿದ್ದರೆ ನಾಲ್ಕು ಲೋಟ ಕುಡಿದು ಉಂಡು ಮಲಗಿಯೂ ಹೋಗಬಹುದಲ್ಲ! ಕೀಲಿಗೆ ಕೈ ಹಾಕುವಷ್ಟರಲ್ಲಿ ಗಂಗವ್ವನವರು ಹೊರಗೆ ಬಂದರು.

"ಬಂದ್ ಮಾಡಬ್ಯಾಡ್ರಿ ಅಳಿಯಂದ್ರ. ಎಂಜಿನ್ ಆರತೈತಂತ, ಶೈಲಾ ಹೇಳ್ಯಾಳ."

ನಾನು ಇಳಿಯುವ ಮೊದಲೇ ಕೈಗೆ ಲೋಟ ಕೊಟ್ಟರು. ರಸ್ತೆಯಲ್ಲಿ ಹಿಡಿದು ನಿಂತಿದ್ದ ಅದೇ ಲೋಟ, ಅದೇ ಚಹಾ, ಮೇಲೆ ದಪ್ಪ ಕೆನೆ. ಕೊಟ್ಟವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪಾಸಾದ ಸುದ್ದಿಯನ್ನಾದರೂ ಹೇಳೋಣವೆಂದು ಹಾರ್ನ್ ಹೊಡೆದೆ. ಒಳಗಿನಿಂದ ದನಿ ಬಂತು:

"ಲೋಟ ಕಟ್ಟಿ ಮ್ಯಾಲ ಇಟ್ಟ ಹೋಗ್ರಿ."

ಎಂಜಿನ್ ಓಡುತ್ತಲೇ ಇತ್ತು, ಹೊಗೆಯ ಸುಳಿವೇ ಇರಲಿಲ್ಲ. ನಾನು ಆ ತಣ್ಣನೆಯ ಚಹಾವನ್ನು ಕೆನೆಸಮೇತ ತಳದವರೆಗೂ ಕುಡಿದೆ.