ಮದ್ದೂರು ದಾಟದ ಶಿಂಷೆ

ಇಂಥ ಎಡವಟ್ಟುಗಳು ನಮ್ಮ ಕೂಟಕ್ಕೇ ಯಾಕೆ ಗಂಟು ಬೀಳುತ್ತವೋ ಕಾಣೆ. ಒಂದೇ ಒಂದು ಸಭೆ ನೆಟ್ಟಗೆ ನಡೆದಿದ್ದರೂ ನಾನು ಇಷ್ಟು ಸಿಟ್ಟಿನಲ್ಲಿ ಬರೆಯಲು ಕೂರುತ್ತಿರಲಿಲ್ಲ.

ಮದ್ದೂರಿನಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ಸು. ಮದುವೆ, ಗೃಹಪ್ರವೇಶ, ತಿಥಿ, ಎಲ್ಲದರ ಕಾರ್ಡೂ ಅಲ್ಲೇ ಅಚ್ಚಾಗುವುದು. ಆಹ್ವಾನ ಪತ್ರಿಕೆ ಹೇಗೂ ಇವನೇ ಹಾಕುತ್ತಾನೆ, ಕಾರ್ಯದರ್ಶಿಯೂ ಇವನೇ ಆಗಲಿ ಎಂದು ನಮ್ಮ ಕಡೆಯ ಇತಿಹಾಸ ಕೂಟದವರು ನನ್ನನ್ನು ಹಿಡಿದು ಕೂರಿಸಿದರು. ಊರೂರಿಗೆ ಹೋಗಿ ಅಲ್ಲಿನ ಜನರ ಕಥೆ, ಹೊಳೆಯ ಕಥೆ ಹೇಳಿಸುವುದು ಕೂಟದ ಕೆಲಸ. ಅಧ್ಯಕ್ಷರು ರೈಸ್ ಮಿಲ್ಲಿನ ಮಾಲೀಕರು. ಮೈಕು ಕೈಗೆ ಸಿಕ್ಕರೆ ಕರೆಂಟು ಹೋಗುವ ತನಕ ಬಿಡುವವರಲ್ಲ.

ಕಥೆ ಹೇಳಬೇಕಾದವರು ಮಳವಳ್ಳಿಯ ಒಬ್ಬ ಮೇಡಂ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಶಿಂಷಾ ಹೊಳೆ ಹುಟ್ಟುವ ಬೆಟ್ಟದಿಂದ ಕಾವೇರಿ ಸೇರುವ ತನಕ ದಡ ಹಿಡಿದು, ಬಿಡುವಾದಾಗಲೆಲ್ಲ ಅಷ್ಟಷ್ಟು ನಡೆದು ಮುಗಿಸಿದ್ದಾರೆ. ಹಾಗೆ ನಡೆಯುವಾಗ ಮದ್ದೂರಿನಿಂದ ಕೆಳಗಿನ ಒಂದೂರಿನ ದಡದಲ್ಲಿ, ಕೆಸರಿನಲ್ಲಿ ಅರ್ಧ ಹೂತ ಶಾಸನದ ಕಲ್ಲೊಂದು ಅವರ ಕಣ್ಣಿಗೆ ಬಿದ್ದಿತ್ತು. ಮೂರು ಊರಿನವರು ಸೇರಿ ಹೊಳೆಗೆ ಕಟ್ಟೆ ಕಟ್ಟಿ, ಸರದಿಯ ಮೇಲೆ ನೀರು ಹಂಚಿಕೊಂಡ ಒಪ್ಪಂದ ಅದರಲ್ಲಿದೆಯಂತೆ. ಯಾವ ಊರು ಎಂದು ಅವರು ನನಗೂ ಹೇಳಲಿಲ್ಲ. "ಒಬ್ಬರ ಕಿವಿಗೆ ಹೇಳಿದರೆ ನಿಧಿ ಇದೆ ಅಂತ ಅಗೆದುಬಿಡ್ತಾರೆ. ಎಲ್ಲರ ಎದುರಿಗೆ ಹೇಳಿದರೆ ಊರೇ ಕಾಯುತ್ತೆ" ಎಂದರು. ಅತ್ತ ಮರಳು ತೆಗೆಯುವವರು ದಡ ತಿನ್ನುತ್ತಾ ಆ ಕಲ್ಲಿನ ಕಡೆಗೇ ಬರುತ್ತಿದ್ದರು.

"ಹಾಗಾದರೆ ಭಾಷಣದಲ್ಲಿ ಮೊದಲು ಕಲ್ಲಿನ ವಿಷಯವೇ ಹೇಳಿಬಿಡಿ ಮೇಡಂ" ಎಂದೆ.

"ಹೊಳೆ ಕೆಳಗಿಂದ ಮೇಲಕ್ಕೆ ಹರಿಯುತ್ತೇನ್ರೀ?" ಎಂದರು. ಬೆಟ್ಟದಿಂದ ಹೊರಟು ಕುಣಿಗಲ್ ದಾಟಿ, ಮದ್ದೂರು ದಾಟಿದ ಮೇಲೆಯೇ ಅವರ ಭಾಷಣದಲ್ಲಿ ಕಲ್ಲು ಬರಬೇಕು. ಅಲ್ಲಿಗೇ ನನ್ನ ಗ್ರಹಚಾರ ಶುರುವಾಯಿತು.

ಸಸಿಗೆ ನೀರು

ಮೊದಲನೇ ಸಭೆ ಮದ್ದೂರಿನಲ್ಲೇ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಸಿಟ್ಟಾಗುವವರನ್ನೆಲ್ಲ ಸೇರಿಸಿ ಸೇರಿಸಿ, ಕೊನೆಗೆ ಕೆಳಗೆ ಕೂತವರಿಗಿಂತ ವೇದಿಕೆ ಮೇಲಿನವರೇ ಹೆಚ್ಚಾದರು. ದೀಪ ಹಚ್ಚುವುದು ಹಳೆಯದಾಯಿತು, ಸಸಿಗೆ ನೀರೆರೆದು ಉದ್ಘಾಟಿಸೋಣ ಎಂದವರು ಅಧ್ಯಕ್ಷರು. ಒಂದು ಕುಂಡ, ಒಂದು ಸಂಪಿಗೆ ಸಸಿ, ಒಂದು ತಾಮ್ರದ ಚೊಂಬು. ಒಬ್ಬರು ಎರೆದರೆ ಸಾಕಿತ್ತು. ಆದರೆ ಒಬ್ಬರು ಎರೆದ ಫೋಟೋದಲ್ಲಿ ಇನ್ನೊಬ್ಬರು ಕಾಣುವುದಿಲ್ಲವಲ್ಲ. ಎಲ್ಲರೂ ಎರೆದರು. ಫೋಟೋದವನು ಕಣ್ಣು ಮುಚ್ಚಿದ್ರಿ ಸಾರ್ ಎಂದಾಗ ಕೆಲವರು ಎರಡನೇ ಸಲವೂ ಎರೆದರು. ಕುಂಡ ತುಂಬಿತು, ವೇದಿಕೆ ಮೇಲೆಲ್ಲ ಹರಿಯಿತು, ಮೈಕಿನ ವೈರು ನೆನೆದು ಸದ್ದಡಗಿತು.

ಮೈಕು ಸರಿಯಾಗಿ, ಹಾರ ತುರಾಯಿ ಮುಗಿದು, ಅಧ್ಯಕ್ಷರ ಮಾತೂ ಮುಗಿದು ಮೇಡಂ ಎದ್ದು ನಿಂತಾಗ ಅಡುಗೆಯವರು ಅನ್ನ ಆರುತ್ತಿದೆ ಎಂದು ಸನ್ನೆ ಮಾಡುತ್ತಿದ್ದರು. "ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷೆ..." ಎಂದು ಮೇಡಂ ಶುರು ಮಾಡಿದರೋ ಇಲ್ಲವೋ, ಅಧ್ಯಕ್ಷರು ಕೂತಲ್ಲಿಂದಲೇ "ಸಮಯದ ಅಭಾವ ಮೇಡಂ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆವತ್ತು ಹರಿದ ನೀರೆಂದರೆ ಆ ಕುಂಡದ್ದೊಂದೇ.

ಸೋಮವಾರ ಬಿಡಿಸ್ತೀವಿ

ಎರಡನೆಯದು ಮಳವಳ್ಳಿಯಲ್ಲಿ. ಈ ಸಲ ವೇದಿಕೆಗೆ ನಾಲ್ಕೇ ಕುರ್ಚಿ ಎಂದು ಹಟ ಹಿಡಿದೆ. ಜನವೂ ಚೆನ್ನಾಗಿ ಸೇರಿದ್ದರು, ಶಾಲು ಹೊದ್ದ ರೈತರೇ ತುಂಬಿದ್ದರು. ನಮ್ಮ ಜನಕ್ಕೆ ಇತಿಹಾಸದ ಮೇಲೆ ಇಷ್ಟು ಪ್ರೀತಿಯೇ ಎಂದು ನಾನು ಒಳಗೊಳಗೇ ಬೀಗಿದೆ. ಮೇಡಂ ಬೆಟ್ಟ ಇಳಿದರು, ಕುಣಿಗಲ್ ಹತ್ತಿರ ಬಂದರು. ಅಷ್ಟರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು.

"ಅದೆಲ್ಲಾ ಸರಿ ಕಣಮ್ಮ. ನಾಲೆಗೆ ನೀರ್ನ ಯಾವಾಗ ಬುಡ್ತೀರಾ, ಅದ ಏಳಿ."

"ನಾನು ನೀರಾವರಿ ಇಲಾಖೆಯವಳಲ್ಲಪ್ಪ, ಇತಿಹಾಸದ ಟೀಚರು. ಹಿಂದಿನ ಕಾಲದಲ್ಲಿ ನೀರು ಹೇಗೆ ಹಂಚ್ತಿದ್ರು ಅಂತ ಹೇಳ್ತಿದ್ದೀನಿ."

"ಆಗಿನ ಕಾಲದ ನೀರು ಅವ್ರು ಕುಡ್ದಾಯ್ತು. ಕಬ್ಬು ಒಣಗ್ತಾ ಅದೆ ನಮ್ದು. ಸರದಿ ಮೇಲೆ ಬುಡೋ ಕಟ್ಟು ನೀರು ಯಾವತ್ತು ಅಂತ ಏಳೋಗಂಟ ನಾವು ಏಳಾಕಿಲ್ಲ."

ಎಲ್ಲರೂ ಅದಕ್ಕೇ ಬಂದವರು. ಆಹ್ವಾನ ಪತ್ರಿಕೆಯಲ್ಲಿ 'ನದಿ ನೀರು ಹಂಚಿಕೆ' ಎಂದಿದ್ದದ್ದು ನೋಡಿ ಅಧಿಕಾರಿಗಳು ಬರುತ್ತಾರೆ ಎಂದುಕೊಂಡಿದ್ದರು. ಅದರ ಹಿಂದೆಯೇ ಇದ್ದ 'ಒಂದು ಚಾರಿತ್ರಿಕ ನೋಟ' ಯಾರಿಗೆ ಬೇಕು? ನಾನೇ ರೈತನ ಮಗ, ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಬಂದು ಬಿದ್ದದ್ದು ಪಾಪದ ಮೇಡಂ ಮೇಲೆ. ಸಭೆ ಧರಣಿಯಾಯಿತು, ಧಿಕ್ಕಾರ ಶುರುವಾಯಿತು. ಆಗ ಅಧ್ಯಕ್ಷರು ಮೈಕು ಕಿತ್ತುಕೊಂಡು, ತಾವು ಯಾರು ಏನು ಎಂಬುದನ್ನೇ ಮರೆತು, "ಸೋಮವಾರ ಬಿಡಿಸ್ತೀವಿ" ಎಂದು ಘೋಷಿಸಿಬಿಟ್ಟರು. ಭಾರೀ ಚಪ್ಪಾಳೆ.

ಸೋಮವಾರ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆದರೆ ಮುಂದೆ ಜನ ನಿಂತಿದ್ದಾರೆ. ಪತ್ರಿಕೆಯ ಕೆಳಗೆ ನನ್ನ ವಿಳಾಸ ಇತ್ತಲ್ಲ. "ಎಲ್ಲಿ ಸಾಮಿ, ನೀರು?" ಎಂದರು. ಕಾಫಿ ತರಿಸಿಕೊಟ್ಟೆ.

ಕೆರೆ ಕಟ್ಟಿಸಿದವರ ಮೊಮ್ಮಕ್ಕಳು

ಕಿರುಗಾವಲಿನ ಹತ್ತಿರದ ಒಂದು ಹಳ್ಳಿಯಲ್ಲಿ ಮೇಡಂ ಕುಣಿಗಲ್ ದಾಟಿಬಿಟ್ಟರು. ಇನ್ನು ಮದ್ದೂರೊಂದೇ ಬಾಕಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮಾತಿನ ನಡುವೆ ಅವರು, "ನಿಮ್ಮೂರಿನ ಕೆರೆಯನ್ನೂ ಹೀಗೇ ಹಿಂದಿನವರು ಕಷ್ಟಪಟ್ಟು ಕಟ್ಟಿದ್ದು" ಎಂದರು. ಅಷ್ಟೇ ಅಂದದ್ದು.

"ಕಟ್ಸಿದ್ದು ನಮ್ಮ ಮುತ್ತಾತ. ಅವ್ರ ಎಸ್ರು ಯಾಕೆ ಏಳ್ನಿಲ್ಲ?" ಎಂದು ಮೇಲಿನ ಬೀದಿಯವರೊಬ್ಬರು ಎದ್ದರು.

"ಲೇ, ನಿಮ್ಮ ಮುತ್ತಾತ ಈ ಊರ್ಗೆ ಬಂದಿದ್ದೇ ಕೆರೆ ತುಂಬಿದ್ಮೇಲೆ ಕಣ್ಲಾ. ಕಟ್ಸಿದ್ದು ನಮ್ಮೋರು" ಎಂದು ಕೆಳಗಿನ ಬೀದಿ ಎದ್ದಿತು.

ಮೂರನೆಯವರು ಬಂದರು, ತಮ್ಮ ಮನೆಯ ಸೊಸೆಯನ್ನೇ ಕೆರೆಗೆ ಹಾರ ಕೊಟ್ಟದ್ದೆಂದರು. ಹಾಗಾದರೆ ಅವಳು ನಮ್ಮ ಮನೆ ಮಗಳು ಎಂದು ನಾಲ್ಕನೆಯವರು ಬಂದರು. ಸತ್ತು ಎಷ್ಟೋ ತಲೆಮಾರಾದವರಿಗೆ ಪ್ರತಿಯೊಂದು ಮನೆಯಲ್ಲೂ ವಾರಸುದಾರರು ಹುಟ್ಟಿಕೊಂಡರು. ಕುರ್ಚಿಗಳು ಗಾಳಿಯಲ್ಲಿ ಏಳುವುದೊಂದು ಬಾಕಿ. ಮೇಡಂ ಮೈಕಿಗೆ ಬಾಯಿಟ್ಟು ತಣ್ಣಗೆ ಕೇಳಿದರು:

"ಆಯ್ತು, ಕಟ್ಟಿಸಿದ್ದು ಎಲ್ಲರ ಮನೆಯವರೂ ಅಂತಾಯ್ತು. ಈಗ ಕೆರೆ ಅಂಗಳದಲ್ಲಿ ತೆಂಗು ಹಾಕಿರೋದು, ಮನೆ ಕಟ್ಟಿರೋದು ಯಾರ ಮನೆಯವರು?"

ಒಬ್ಬೊಬ್ಬರೇ ಎದ್ದು ಹೊರಗೆ ನಡೆದರು. ಕೊನೆಯಲ್ಲಿ ಶಾಮಿಯಾನದವನು, ನಾನು, ಮೇಡಂ ಉಳಿದೆವು, ಶಾಮಿಯಾನದವನೂ ಆ ಊರಿನವನೇ ಆದ್ದರಿಂದ ಬೇಗ ಬೇಗ ಬಿಚ್ಚತೊಡಗಿದ.

ಹಾರ

ನಿಡಘಟ್ಟದ ಸಭೆಗೆ ಬಂದ ಮುಖ್ಯ ಅತಿಥಿಗಳ ಹೆಸರು ಹೇಳುವುದಿಲ್ಲ. ಮಂಡ್ಯದ ಕಡೆಯವರು, ದೊಡ್ಡ ಮನುಷ್ಯರು. ಎಲ್ಲಿ ಹೋದರೂ ತಮ್ಮ ಮಾತು ಮುಗಿದ ಕೂಡಲೇ "ಇನ್ನೊಂದು ಕಾರ್ಯಕ್ರಮ ಇದೆ" ಎಂದು ಎದ್ದುಬಿಡುವುದು ಅವರ ಪದ್ಧತಿ. ಆವತ್ತೂ ಹಾಗೇ. ಹೊಳೆ ನಮ್ಮ ತಾಯಿ, ತಾಯಿಯ ಮಡಿಲಿಗೆ ಕಸ ಎಸೆಯುವವರಿಗೆ ಮನುಷ್ಯತ್ವ ಇದೆಯೇ ಎಂದೆಲ್ಲ ಹೇಳಿ ಕಣ್ಣೊರೆಸಿಕೊಂಡರು. ಎದ್ದರು. ಅವರ ಹಿಂದೆ ಅಧ್ಯಕ್ಷರು, ಅಧ್ಯಕ್ಷರ ಹಿಂದೆ ಅರ್ಧ ಸಭೆ. ಖಾಲಿ ಕುರ್ಚಿಗಳ ಮುಂದೆ ಮೇಡಂ ಬಾಯಿ ತೆರೆಯಲೇ ಇಲ್ಲ. ಅವರನ್ನು ಮಳವಳ್ಳಿ ಬಸ್ಸಿಗೆ ಹತ್ತಿಸಬೇಕಿತ್ತು, ಹೊರಗೆ ಇನ್ನೂ ಫೋಟೋಗೆ ನಿಂತಿದ್ದ ಅತಿಥಿಗಳೇ ನಮ್ಮಿಬ್ಬರನ್ನೂ ತಮ್ಮ ಕಾರಿನಲ್ಲಿ ಮದ್ದೂರಿನ ತನಕ ಬಿಡುತ್ತೇನೆಂದರು. ಮಾತಿನಲ್ಲಿ ಮಾತು, ಬಸ್ ಸ್ಟ್ಯಾಂಡ್ ಮರೆತು ಕಾರು ಶಿಂಷಾ ಸೇತುವೆಗೇ ಬಂತು.

ಸೇತುವೆ ಮೇಲೆ ಕಾರು ನಿಲ್ಲಿಸಿದರು. ಡಿಕ್ಕಿ ತೆಗೆಸಿ, ಅಂದಿನ ಹಾರ, ಹಿಂದಿನ ದಿನದ ಹಾರ, ಎಲ್ಲ ತುಂಬಿದ್ದ ಪ್ಲಾಸ್ಟಿಕ್ ಚೀಲವನ್ನು ಗಂಟು ಸಮೇತ ಹೊಳೆಗೆ ಎಸೆದರು.

"ಇದೇನು ಸಾರ್?" ಎಂದೆ. ನನ್ನ ಪಿತ್ತ ನೆತ್ತಿಗೇರಿತ್ತು.

"ಮರ್ಯಾದೆ ಮಾಡಿದ ಹೂವು ಕಾಲಿಗೆ ಸಿಗಬಾರದು ಕಣ್ರೀ" ಎಂದರು, ಕೈ ಮುಗಿಯುತ್ತಾ. "ತಾಯಿಗೇ ಒಪ್ಪಿಸಬೇಕು."

ಕೆಳಗೆ ತಾಯಿಯ ಮೇಲೆ ನಾಡಿನ ಮರ್ಯಾದೆಯೆಲ್ಲ ಚೀಲ ಚೀಲವಾಗಿ ತೇಲುತ್ತಿತ್ತು. ಮೇಡಂ ಕಾರಿಳಿದು ಬಸ್ ಸ್ಟ್ಯಾಂಡಿಗೆ ನಡೆದೇ ಹೋದರು.

ಟ್ರೈಲರ್ ಮೇಲಿನ ಗಣ್ಯರು

ಅದಾದ ಮೇಲೆ ಮೇಡಂ ಫೋನ್ ಮಾಡಿ, "ಕಲ್ಲಿರೋ ಊರಿಗೇ ಹೋಗೋಣ. ದಡದ ಪಕ್ಕದಲ್ಲೇ ಸಭೆ ಮಾಡಿ. ಇದೇ ಕೊನೆ, ಇನ್ನು ನಾನು ಬರಲ್ಲ" ಎಂದು ಊರಿನ ಹೆಸರು ಹೇಳಿದರು. ಊರಿನವರು ಸಂತೋಷದಿಂದ ಒಪ್ಪಿದರು. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೈಲರನ್ನೇ ವೇದಿಕೆ ಮಾಡಿ, ಮದುವೆ ಮನೆಯ ಸಿಂಹಾಸನದಂಥ ಸೋಫಾಗಳನ್ನು ಅದರ ಮೇಲೇರಿಸಿದ್ದರು. ಹತ್ತಲು ಕೆಂಪು ಜಮಖಾನ ಹೊದಿಸಿದ ಮೆಟ್ಟಿಲು.

ನಾನೂ ಮೇಡಂ ಹೋದವರೇ ಮೊದಲು ದಡಕ್ಕೆ ಇಳಿದೆವು. ಕಲ್ಲು ಇರಲಿಲ್ಲ. ಇದ್ದ ಜಾಗದಲ್ಲಿ ಹಸಿ ಗುಂಡಿ, ಪಕ್ಕದಲ್ಲಿ ಜೆಸಿಬಿ ಚಕ್ರದ ಗುರುತು. ಮೇಡಂ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಮರಳಿನವರು ಎತ್ಕೊಂಡು ಹೋದ್ರು. ನಿಮ್ಮ ಹಾರ ತುರಾಯಿ ಮುಗಿಯೋ ಅಷ್ಟರಲ್ಲಿ ಎತ್ಕೊಂಡು ಹೋದ್ರು ಕಣ್ರೀ" ಎಂದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ನನಗೆ ಆ ಟ್ರೈಲರಿಗೆ ಟ್ರ್ಯಾಕ್ಟರ್ ಸಿಕ್ಕಿಸಿ ಅಧ್ಯಕ್ಷರ ಸಮೇತ ಹೊಳೆಗೆ ಓಡಿಸಬೇಕೆನ್ನಿಸಿತು.

ನಾವು ಹಿಂದಿರುಗುವಷ್ಟರಲ್ಲಿ ಅಧ್ಯಕ್ಷರೂ ಅದೇ ಹಾರದ ಮುಖ್ಯ ಅತಿಥಿಗಳೂ ಮೇಲೇರಿ ಕೂತಾಗಿತ್ತು. ಇಬ್ಬರೂ ಭಾರಿ ಆಳುಗಳು, ತಳ್ಳಿ ಹತ್ತಿಸಿದರಂತೆ. ಮೇಡಂ ಎಂದಿನಂತೆ ಚಪ್ಪಲಿ ಬಿಟ್ಟು ಜಮಖಾನದ ಮೇಲೆ ಕಾಲಿಟ್ಟರು. ಇಟ್ಟವರು ಅಲ್ಲೇ ನಿಂತರು. ಹೆಬ್ಬೆರಳಿನಿಂದ ಮೆಲ್ಲಗೆ ತಡವಿದರು. ಕೆಳಗಿಳಿದು ಜಮಖಾನದ ಮೂಲೆ ಹಿಡಿದು ಎಳೆದರು. ಕೆಸರು ಮೆತ್ತಿದ ಉದ್ದನೆಯ ಕಲ್ಲು, ಮೇಲೆ ಸಾಲು ಸಾಲು ಅಕ್ಷರ.

ಊರಿನ ಯಜಮಾನರು ಹೆಮ್ಮೆಯಿಂದಲೇ ಹೇಳಿದರು: "ಟೈಲರ್ರು ಎತ್ರ ಆಯ್ತು ಕಣಮ್ಮ, ದೊಡ್ಡೋರು ಅತ್ತಾಕಾಗಾಕಿಲ್ಲ ಅಂತ ಒಳೆ ದಡದಿಂದ ಜೆಸಿಬೀಲಿ ತರ್ಸುದ್ವಿ. ಬಟ್ಟೆ ಒಗ್ಯೋ ಕಲ್ಲು. ಎಲ್ಡು ಸೈಜುಗಲ್ಲು ಕೊಟ್ಟು ಮಡ್ಗಿದ್ವಿ, ಅಳ್ಳಾಡಾಕಿಲ್ಲ, ಅತ್ತಿ."

"ಹತ್ತೋದಲ್ಲಪ್ಪ, ಎತ್ತಿ ಇದನ್ನ" ಎಂದರು ಮೇಡಂ. ಅವರ ದನಿಗೆ ಹುಡುಗರೆಲ್ಲ ಓಡಿ ಬಂದರು. ಕಲ್ಲು ತೊಳೆದು, ಬೇವಿನ ಮರಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿ, ಅಲ್ಲಾಡದಂತೆ ಆ ಎರಡು ಸೈಜುಗಲ್ಲನ್ನೇ ಅದರ ಬುಡಕ್ಕೆ ಕೊಟ್ಟರು. ಜನ ತಮ್ಮ ಕುರ್ಚಿ ಎತ್ತಿಕೊಂಡು ಮರದ ಕಡೆ ತಿರುಗಿ ಕೂತರು. ವೇದಿಕೆ ಅವರ ಬೆನ್ನ ಹಿಂದಾಯಿತು.

ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. "ಕಲ್ಲಿಗೂ ಒಂದು ಸನ್ಮಾನ ಆಗಲಿ" ಎಂದು ಮೇಲಿನಿಂದಲೇ ಶಾಲು ಎಸೆದರು. ಯಜಮಾನರು ಅದನ್ನು ಭಕ್ತಿಯಿಂದ ಹೊದಿಸಿದರು.

"ತೆಗಿಯಪ್ಪ ಅದನ್ನ, ಅಕ್ಷರ ಮುಚ್ಚೋಗುತ್ತೆ" ಎಂದು ಮೇಡಂ ಶಾಲು ಕಿತ್ತು ಕಲ್ಲಿನ ಕೆಸರು ಒರೆಸಿದರು. ಆಮೇಲೆ ಕೊನೆಯ ಸಾಲು ಓದಿ ಹೇಳಿದರು: ಈ ಒಪ್ಪಂದಕ್ಕೆ ಕೇಡು ಮಾಡಿದವನಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ. ಊರಿನವರೆಲ್ಲ ಒಟ್ಟಿಗೆ ತಿರುಗಿ ಟ್ರೈಲರ್ ಮೇಲಿದ್ದವರ ಕಾಲುಗಳನ್ನು ನೋಡಿದರು.

ಮೇಡಂ ನೆಲದ ಮೇಲೆ ನಿಂತು ಮೈಕು ಹಿಡಿದು ಬೆಟ್ಟದಿಂದ ಹೊರಟರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅತಿಥಿಗಳು ಕೈಸನ್ನೆ ಮಾಡಿದರು. ಹತ್ತಿರ ಹೋದೆ. "ನನಗೆ ಇನ್ನೊಂದು ಕಾರ್ಯಕ್ರಮ ಇದೆ ಕಣ್ರೀ. ಇಳಿಸಿ."

"ಮೆಟ್ಟಿಲಿಲ್ಲ ಸಾರ್."

"ಒಂದು ಕುರ್ಚಿ ಕೊಡ್ರೀ."

"ಜನ ಕೂತಿದ್ದಾರೆ ಸಾರ್." ನಮ್ಮ ಕೂಟದ ಚರಿತ್ರೆಯಲ್ಲಿ ನಾನು ಈ ಮಾತು ಹೇಳಿದ್ದು ಅದೇ ಮೊದಲು. ಎಷ್ಟು ಹಿತವಾಗಿತ್ತೆಂದರೆ ಇನ್ನೊಂದು ಸಲ ಹೇಳಿದೆ.

"ಆ ಕಲ್ಲನ್ನೇ ಒಂದು ನಿಮಿಷ..." ಎಂದರು ಅಧ್ಯಕ್ಷರು. ಯಜಮಾನರು ಕಲ್ಲಿನ ಮುಂದೆ ಬಂದು ಪಂಚೆ ಎತ್ತಿಕಟ್ಟಿ ನಿಂತರು. "ಅಸ ಕೊಂದ ಪಾಪ ನಮ್ಮೂರ್ಗೆ ಬ್ಯಾಡ ಬುಡಿ ಸಾಮಿ. ಕುಂತ್ಕಳಿ."

ಕೂತರು. ಬಿಸಿಲು ಟ್ರೈಲರ್ ಮೇಲೆಯೇ ಬಂತು. ಅತಿಥಿಗಳು ಹಾರ ತೆಗೆದು ಗಾಳಿ ಹಾಕಿಕೊಂಡರು. ಕೆಳಗೆ ಮರದ ನೆರಳಿನಲ್ಲಿ ಒಬ್ಬರೂ ಏಳಲಿಲ್ಲ. ಬಹಳ ಹೊತ್ತಾದ ಮೇಲೆ ಮೇಡಂ ನೀರು ಕುಡಿಯಲು ಮಾತು ನಿಲ್ಲಿಸಿದಾಗ ಅಧ್ಯಕ್ಷರು ಸಣ್ಣ ದನಿಯಲ್ಲಿ, "ಮೇಡಂ, ಮುಗೀತಾ?" ಎಂದರು.

ಮೇಡಂ ಬಾಯಿ ಒರೆಸಿಕೊಂಡು ಮೇಲೆ ನೋಡಿದರು.

"ಈಗ ತಾನೆ ಮದ್ದೂರು ದಾಟಿದ್ದೀವಿ ಸಾರ್. ಮಳವಳ್ಳಿ ತಾಲ್ಲೂಕು ಪೂರ್ತಿ ಬಾಕಿ ಇದೆ."