ಅಸಲು ಹೇಳದ ಮಾವನವರು

ದೇಶದ ಸೈನ್ಯಕ್ಕೆ ಗುಟ್ಟು ಕಾಯುವವರು ಯಾರಾದರೂ ಬೇಕಿದ್ದರೆ ನಮ್ಮ ಮಾವನವರನ್ನು ಧಾರಾಳವಾಗಿ ಕರೆದುಕೊಂಡು ಹೋಗಬಹುದು. ಪಗಾರ ಬೇಡ. ಮಧ್ಯಾಹ್ನಕ್ಕೊಂದು ಕಪ್ಪು ಚಹಾ ಸಾಕು, ಅದೂ ಸಕ್ಕರೆ ಇಲ್ಲದ್ದು. ಸಕ್ಕರೆ ಯಾಕಿಲ್ಲ ಎಂದು ಮಾತ್ರ ಕೇಳಬಾರದು!

ಮಾವನವರು ಕಲಬುರಗಿ ಕಡೆಯವರು. ನಿಜಾಮರ ಊರಿಗೆ ಬಂದು ಸುಲ್ತಾನ್ ಬಜಾರಿನಲ್ಲಿ ಜೀವಮಾನವಿಡೀ ಬಟ್ಟೆ ಅಂಗಡಿ ನಡೆಸಿ, ಅತ್ತೆಯವರು ತೀರಿಕೊಂಡ ಮೇಲೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಕೊಂಡಾಪುರದ ನಮ್ಮ ಫ್ಲ್ಯಾಟಿಗೆ ಬಂದರು. ಬಂದವರು ಕೂತರು ಎನ್ನುವ ಹಾಗಿಲ್ಲ. ಸೋಫಾದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಲಿಫ್ಟಿಗೆ, ಲಿಫ್ಟಿನಿಂದ ಗೇಟಿಗೆ. ಅವರನ್ನು ನೋಡುತ್ತಿದ್ದರೆ ನೋಡುವವರ ಕಾಲು ನೋಯುತ್ತದೆ.

ಅವರ ತೋಳಿಗೆ ನಾಣ್ಯದಷ್ಟಗಲದ ಒಂದು ಸೆನ್ಸರ್ ಅಂಟಿಸಿದ್ದಾರೆ. ಅದು ಆಗಾಗ ಅವರ ಶುಗರ್ ಎಷ್ಟಿದೆ ಎಂದು ಅವರದೇ ಫೋನಿನ ಆ್ಯಪಿಗೆ ತಿಳಿಸುತ್ತದೆ. ತೊಂದರೆ ಏನೆಂದರೆ, ಅವರ ಶುಗರ್ ಒಮ್ಮೊಮ್ಮೆ ದಿಢೀರನೆ ಕುಸಿಯುತ್ತದೆ, ಕುಸಿದದ್ದು ಅವರಿಗೇ ಗೊತ್ತಾಗುವುದಿಲ್ಲ. ಹಾಗಾಗಿ ಆ ಲೆಕ್ಕ ಅವರ ಆ್ಯಪಿನಿಂದ ಡಾಕ್ಟರ ಆ್ಯಪಿಗೆ, ಅಲ್ಲಿಂದ ನಮ್ಮ ಫೋನಿಗೆ ಬರಲಿ ಎಂಬುದು ಡಾಕ್ಟರ ಸಲಹೆ. ಮಾವನವರು 'ಅನುಮತಿಸು' ಎಂಬ ಗುಂಡಿ ಒತ್ತಿದರೆ ಮುಗಿಯಿತು. ಒತ್ತಬೇಕಲ್ಲ!

ಡಾಕ್ಟರು ಬೀದರಿನವರು, ನಮ್ಮ ಮಾತು ಬಲ್ಲವರು. ತಾಳ್ಮೆಯಿಂದ ವಿವರಿಸಿದರು. "ಅಂಕಲ್, ಇದು ಪೂರಾ ಸೇಫ್ ಐತ್ರಿ. ನಿಮ್ಮ ಮಾಹಿತಿ ಕೀಲಿ ಹಾಕ್ಕೊಂಡು ಹೋಗ್ತೈತಿ. ನಡುವ ಯಾರಿಗೂ ಓದಾಕ ಬರೂದಿಲ್ಲ."

"ಕೀಲಿ ಹಾಕಿದ್ದು ಖರೇ. ಕೀಲಿಕೈ ಎಷ್ಟು ಮಂದಿ ಕೈಯಾಗ ಐತಿ, ಅದನ್ನ ಹೇಳ್ರಿ."

"ನೀವು ಯಾರಿಗೆ ಕೊಡ್ತೀರಿ, ಅವರಿಗಷ್ಟ."

"ನಾ ಯಾರಿಗೂ ಕೊಡೂದಿಲ್ಲ. ಗಿರಾಕಿಗೆ ಅಸಲು ಹೇಳಿ ಯಾವ ವ್ಯಾಪಾರಿ ಉದ್ಧಾರ ಆಗ್ಯಾನ್ರಿ?"

ಈ ಅಸಲಿನ ಕಥೆ ಸ್ವಲ್ಪ ಹೇಳಬೇಕು. ಹಳೆಯ ಬಟ್ಟೆ ವ್ಯಾಪಾರಿಗಳು ಸೀರೆಯ ಚೀಟಿಯ ಮೇಲೆ ತಮಗೆ ಬಿದ್ದ ಖರೀದಿ ದರವನ್ನು, ಅಂದರೆ ಅಸಲನ್ನು, ಅಂಕಿಯಲ್ಲಿ ಬರೆಯುತ್ತಿರಲಿಲ್ಲ. ಅಕ್ಷರದಲ್ಲಿ ಬರೆಯುತ್ತಿದ್ದರು. ಒಂದೊಂದು ಅಂಗಡಿಗೂ ಹತ್ತು ಅಕ್ಷರಗಳ ಒಂದು ಗುಟ್ಟಿನ ಮಾತು, ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ. ನಮ್ಮ ಅಂಗಡಿಯ ಮಾತು ಯಾವುದು ಎಂದು ಇಲ್ಲಿ ಬರೆದರೆ ನಾಳೆಯಿಂದ ನನಗೆ ಮನೆಯಲ್ಲಿ ಊಟ ಹುಟ್ಟುವುದಿಲ್ಲ. ಮದುವೆಯಾದ ಹೊಸದರಲ್ಲಿ ಅಂಗಡಿಯಲ್ಲಿ ಕೂತು ಕಲಿತಿದ್ದೆ. ಅಂಗಡಿ ಹೋಯಿತು, ಆ ಭಾಷೆ ಉಳಿಯಿತು. ಅದರಲ್ಲಿ ಸೀರೆಯ ಬದಲು ಮಾವನವರ ರಕ್ತದ ವಹಿವಾಟು ಶುರುವಾಯಿತು! ನಾನು ಆಫೀಸಿನಿಂದ ಫೋನು ಮಾಡಿ "ಶುಗರ್ ಎಷ್ಟೈತ್ರಿ ಮಾವಾರ?" ಎಂದರೆ, ಆ ಕಡೆಯಿಂದ ಪಿಸುದನಿಯಲ್ಲಿ "ಬ, ರ, ಸ" ಎಂದು ಬರುತ್ತಿತ್ತು. ಆಮೇಲೆ ಗಂಟಲು ಬಿಟ್ಟು ಊರ ಸುದ್ದಿಯೆಲ್ಲ. ಹಾಲಿನವನು ಇವತ್ತೂ ತಡ ಮಾಡಿದ, ಕೆಳಗಿನ ಮನೆಯ ಗೃಹಸ್ಥ ಗಾಡಿಯನ್ನು ಇನ್ನೊಬ್ಬರ ಜಾಗದಲ್ಲಿ ನಿಲ್ಲಿಸಿದ, ವಾಚ್‌ಮನ್ ಮಗಳಿಗೆ ವರ ಗೊತ್ತಾಯಿತು. ನನ್ನ ಮೀಟಿಂಗು ಹಾಳಾಗಿ ಹೋಗಲಿ, ವಾಚ್‌ಮನ್ ಮಗಳ ಮದುವೆ ನಿಲ್ಲಬಾರದಲ್ಲ!

ಒಂದು ಭಾನುವಾರ ನನ್ನ ಗಂಡ ಪಣ ತೊಟ್ಟವರಂತೆ ಎರಡೂ ಫೋನು ಮುಂದಿಟ್ಟುಕೊಂಡು ಕೂತರು. ಇವತ್ತು ಎರಡೂ ಆ್ಯಪುಗಳ ಗಂಟು ಹಾಕಿಯೇ ಏಳುವುದು ಎಂದು. ಮಾವನವರ ಫೋನಿಗೆ ಟಿಣ್ ಎಂದು ಓಟಿಪಿ ಬಂತು.

"ಅಪ್ಪಾ, ನಂಬರ್ ಹೇಳ್ರಿ."

"ಯಾರಿಗೂ ಹೇಳಬ್ಯಾಡ್ರಿ ಅಂತ ಬರದಾರ."

"ನಾ ನಿಮ್ಮ ಮಗಾ ಅದೀನ್ರಿ!"

"ಮಗನ್ನ ಬಿಟ್ಟು ಅಂತ ಬರದಿಲ್ಲ."

ಕೊನೆಗೆ ನಾನು ಕೈಮುಗಿದೆ. ಮನಸ್ಸು ಕರಗಿತು. ಫೋನು ಹಿಡಿದು ಬಾಲ್ಕನಿಗೆ ಹೋದರು, ಬಾಗಿಲು ಎಳೆದುಕೊಂಡರು, ಗಾಜಿನಾಚೆಯಿಂದ ಓಟಿಪಿ ಕೂಗಿದರು. ಅಂಗಡಿಯ ಭಾಷೆಯಲ್ಲಿ! ನನ್ನ ಗಂಡ ಎಂಜಿನಿಯರಿಂಗ್ ಓದಿದರೇ ವಿನಾ ಅಂಗಡಿಯ ಅಕ್ಷರ ಕಲಿಯಲಿಲ್ಲ. ನಾನು ಬೆರಳು ಮಡಚಿ ಅಕ್ಷರವನ್ನು ಅಂಕಿ ಮಾಡುವಷ್ಟರಲ್ಲಿ ಓಟಿಪಿಯ ಆಯುಷ್ಯ ತೀರಿತು. ಮತ್ತೊಂದು ಬಂತು. ಮತ್ತೆ ಬಾಲ್ಕನಿ, ಮತ್ತೆ ಅಕ್ಷರ. ಕಡೆಗೆ ಆ್ಯಪೇ ಬೇಸತ್ತು, ಬಹಳ ಸಲ ತಪ್ಪಾಗಿದೆ, ನಾಳೆ ಬನ್ನಿ ಎಂದು ಬಾಗಿಲು ಹಾಕಿಕೊಂಡಿತು.

ಮಾವನವರ ಮುಖ ಅರಳಿತು. "ನೋಡು, ಡಾಕ್ಟ್ರು ಹೇಳಿದ್ದು ಖರೇ ಐತಿ. ಆ್ಯಪ್ ಭಾಳ ಸೇಫ್ ಐತಿ!"

ಶುಗರ್ ಕುಸಿದರೆ ಕಿರುಚಿಕೊಳ್ಳುವ ಅಲಾರಂ ಒಂದಿತ್ತು. ಅದು ಒಮ್ಮೆ ತುಂಬಿದ ಲಿಫ್ಟಿನಲ್ಲಿ ಕಿರುಚಿತು. "ಏಮಯಿಂದಿ ಅಂಕುಲ್?" ಪಕ್ಕದ ಮನೆಯಾಕೆ ತೆಲುಗಿನಲ್ಲಿ ಏನಾಯಿತೆಂದು ಗಾಬರಿಯಾಗಿ ಕೇಳಿದರೆ, ಮಾವನವರು ಜೇಬಿನಿಂದ ಪೇಪರ್‌ಮಿಂಟ್ ತೆಗೆದು ಬಾಯಿಗೆ ಹಾಕಿಕೊಳ್ಳುತ್ತ, "ಬ್ಯಾಂಕ್‌ವಾಲೇ, ಲೋನ್ ಲೇಲೋ ಬೋಲ್‌ರೈಂ" ಎಂದು ಅಲಾರಮನ್ನೇ ಸಾಲ ಕೊಡುವ ಬ್ಯಾಂಕಿನವರ ಫೋನು ಮಾಡಿಬಿಟ್ಟರಂತೆ. ಮನೆಗೆ ಬಂದವರೇ ಫೋನಿನ ಬಾಯಿ ಮುಚ್ಚಿಸಿಬಿಟ್ಟರು. ನಮಗೆ ಅದು ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದೆ. ಸುಲ್ತಾನ್ ಬಜಾರಿನಿಂದ ಫೋನು. ನಮ್ಮ ಅಂಗಡಿಯ ಪಕ್ಕದಲ್ಲೇ ಟವೆಲ್ ಮಾರುವ ಮುದುಕರು, ಮಾವನವರ ಹಳೆಯ ಗೆಳೆಯರು. ಮಾವನವರು ಹೇಳದೆ ಕೇಳದೆ ಕೋಠಿ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದರು.

"ಬೇಟಾ, ಜಲ್ದಿ ಆವೋ. ಸೇಠ್ ಸಾಬ್ ಮೋಲ್‌ತೋಲ್ ನೈ ಕರ್‌ರೈಂ!"

ಚೌಕಾಸಿ ಮಾಡುತ್ತಿಲ್ಲವಂತೆ! ಟವೆಲಿಗೆ ಹೇಳಿದ ದರಕ್ಕೆ ಸುಮ್ಮನೆ ಹ್ಞೂಂ ಎಂದರಂತೆ. ನನಗೆ ನಗು ಬಂತು. ಮರುಕ್ಷಣ ಹೊಳೆಯಿತು, ಮಾವನವರು ಚೌಕಾಸಿ ಬಿಟ್ಟರೆಂದರೆ ಶುಗರ್ ಕುಸಿದಿದೆ. "ಚಾಚಾ, ಚಹಾದಲ್ಲಿ ಸಕ್ಕರೆ ಸುರಿದು ಕುಡಿಸಿ, ಈಗಲೇ" ಎಂದು ಹಿಂದಿಯಲ್ಲಿ ಕೂಗಿಕೊಂಡೇ ಕ್ಯಾಬ್ ಹತ್ತಿದೆ.

ಆ ದಾರಿಯಂಥ ದಾರಿ ಶತ್ರುವಿಗೂ ಬೇಡ. ಸಿಗ್ನಲ್ ಮೇಲೆ ಸಿಗ್ನಲ್. ಮುದುಕರ ಫೋನು ಎಂಗೇಜು, ಮಾವನವರು ಫೋನು ಎತ್ತುತ್ತಿಲ್ಲ. ಮಾವನವರ ತೋಳಿನ ಸೆನ್ಸರಿಗೆ ಎಲ್ಲ ಗೊತ್ತು, ಅವರ ಜೇಬಿನ ಫೋನಿಗೂ ಗೊತ್ತು, ನನ್ನ ಕೈಯಲ್ಲಿರುವ ಫೋನಿಗೆ ಮಾತ್ರ ಏನೂ ಗೊತ್ತಿಲ್ಲ. ಇದ್ದಾರೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಸೀಟಿನ ಅಂಚಿನಲ್ಲಿ ಕೂತು ಅಳುತ್ತಿದ್ದೆ.

ಹೋಗಿ ನೋಡಿದರೆ ಬಟ್ಟೆಯ ಗಂಟಿನ ಮೇಲೆ ಕೂತಿದ್ದರು. ಅಂಗಿ ಬೆವರಿಗೆ ಒದ್ದೆಯಾಗಿತ್ತು, ಮುಖಕ್ಕೆ ಆಗತಾನೇ ಕಳೆ ಬರುತ್ತಿತ್ತು. ಟವೆಲಿನ ದರ ಜಾಸ್ತಿಯಾಯಿತು ಎಂದು ಗೆಳೆಯರೊಂದಿಗೆ ಜಗಳ ಶುರುವಾಗಿತ್ತು. ಜೀವಕ್ಕೆ ಜೀವ ಬಂತು, ಜೊತೆಗೆ ಸಿಟ್ಟೂ ಬಂತು. ಬಜಾರಿನ ನಡುವೆಯೇ ಕೂಗಾಡಿದೆ. "ಒಂದು ಗುಂಡಿ ಒತ್ತಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ ಮಾವಾರ?"

ಅವರು ಟವೆಲನ್ನು ಕಂಕುಳಿಗೆ ಸೇರಿಸಿ ಎದ್ದರು. ಮನೆಗೆ ವಾಪಸಾಗುವಾಗ ಕ್ಯಾಬಿನ ಕಿಟಕಿಯಾಚೆ ನೋಡುತ್ತ ಮೆಲ್ಲಗೆ ಹೇಳಿದರು.

"ಅಂಗಡ್ಯಾಗ ಇದ್ದಾಗ ದಿನಾ ಮಂದಿ ಬಂದು 'ಎಷ್ಟ್ರಿ, ಎಷ್ಟ್ರಿ' ಅಂತ ಕೇಳ್ತಿದ್ರವ್ವಾ. ಈಗ ಕೇಳಾಕಿ ನೀ ಒಬ್ಬಾಕಿ. ಅದೂ ನಿನ್ನ ಫೋನಿನ್ಯಾಗ ತಾನ ಕಂಡ್ರ, ನೀ ನನಗ್ಯಾಕ ಫೋನ್ ಮಾಡ್ತಿ?"

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಕೈ ಹಿಡಿದುಕೊಂಡೆ. ಅವರೇ ಫೋನು ತೆಗೆದು ನನ್ನ ಮಡಿಲಲ್ಲಿಟ್ಟು, "ಎಲ್ಲಿ ಒತ್ತಬೇಕು ತೋರಸು" ಎಂದರು.

ಈಗ ಅವರ ಶುಗರ್ ನನ್ನ ಫೋನಿನಲ್ಲಿ ಕಾಣುತ್ತದೆ. ಏರಿದ್ದು, ಇಳಿದದ್ದು ಎಲ್ಲ ಅವರಿಗಿಂತ ಮೊದಲು ನನಗೇ ತಿಳಿಯುತ್ತದೆ. ಆದರೂ ಮಧ್ಯಾಹ್ನ ಊಟವಾದ ಮೇಲೆ ಫೋನು ಮಾಡುತ್ತೇನೆ.

"ಎಷ್ಟೈತ್ರಿ ಮಾವಾರ?"

ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತು.

"ನೀನ ಒಂದು ಅಂದಾಜು ಹೇಳವ್ವಾ" ಎನ್ನುತ್ತಾರೆ.

ಕಣ್ಣೆದುರಿನ ಪರದೆಯಲ್ಲಿ ನೂರಾ ಇಪ್ಪತ್ತೆಂಟು ಎಂದಿರುತ್ತದೆ. ನಾನು ಇನ್ನೂರರಿಂದ ಚೌಕಾಸಿ ಶುರು ಮಾಡುತ್ತೇನೆ.